ಶಾನ್‌ಹಾಯ್‌ಗುವಾನ್ ಕೋಟೆ ಪಟ್ಟಣದ ಹಿರಿಮೆ ಏನು, ಅಲ್ಲಿ ಹಳೆಯದು ಎಷ್ಟು ಉಳಿದಿದೆ?

ನೀವು ಕೇಳಿರುವುದು ಎರಡು ಸಂಗತಿ: ಚೀನಾದ ಮಹಾಗೋಡೆ ಸಮುದ್ರವನ್ನು ಮುಟ್ಟುವ ಕಡೆ ಇರುವ ಶಾನ್‌ಹಾಯ್‌ಗುವಾನ್ ಎಂಬ ಕೋಟೆ ಪಟ್ಟಣಕ್ಕೆ ಇಷ್ಟೊಂದು ಹೆಸರು ಏಕೆ ಬಂತು, ಮತ್ತು ಅಲ್ಲಿರುವುದೆಲ್ಲ ಈಚೆಗೆ ಕಟ್ಟಿದ್ದು ಎಂಬ ಮಾತು ನಿಜವೇ. ತಿಯೆನ್‌ಜಿನ್‌ನಲ್ಲಿ ನೌಕರಿಯಲ್ಲಿದ್ದಾಗ ನಾನು ಈ ಊರಿಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ ನಿಮ್ಮ ಹಾಗೆಯೇ ಸಂಶಯಪಟ್ಟುಕೊಂಡು ಹೋಗಿ, ಬೇಸರದಿಂದ ಹಿಂತಿರುಗಿದ್ದೆ. ಇತಿಹಾಸವನ್ನು ಸ್ವಲ್ಪ ಓದಿಕೊಂಡು ಮತ್ತೆ ಹೋದಾಗ ಮಾತ್ರ ಊರು ಅರ್ಥವಾಯಿತು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬೀಜಿಂಗ್‌ನಿಂದ ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಹೆಬೇ ಪ್ರಾಂತ್ಯದ ಚಿನ್‌ಹುವಾಂಗ್‌ದಾವೋ ನಗರದ ವ್ಯಾಪ್ತಿಯಲ್ಲಿ ಈ ಊರಿದೆ. ಉತ್ತರಕ್ಕೆ ಯಾನ್ ಪರ್ವತಗಳು, ದಕ್ಷಿಣಕ್ಕೆ ಬೋಹಾಯ್ ಸಮುದ್ರ. ನಡುವೆ ಉಳಿಯುವುದು ಕೆಲವೇ ಕಿಲೋಮೀಟರ್ ಅಗಲದ ಸಮತಟ್ಟು ನೆಲ. ಚೀನಾದ ಈಶಾನ್ಯಕ್ಕಿರುವ ಮಂಚೂರಿಯದಿಂದ ದೊಡ್ಡ ಸೈನ್ಯವೊಂದು ಬಂಡಿ, ದವಸ, ತೋಪುಗಳ ಸಮೇತ ಬೀಜಿಂಗ್‌ಗೆ ಬರಬೇಕಾದರೆ ಈ ಓಣಿಯಂಥ ದಾರಿಯಲ್ಲೇ ಬರಬೇಕಿತ್ತು. ಹೆಸರಿನಲ್ಲಿಯೂ ಅದೇ ಇದೆ: ಶಾನ್ ಎಂದರೆ ಬೆಟ್ಟ, ಹಾಯ್ ಎಂದರೆ ಕಡಲು, ಗುವಾನ್ ಎಂದರೆ ಕಾವಲಿರುವ ಕಣಿವೆಬಾಗಿಲು. ಆಗ ಚೀನಾವನ್ನು ಆಳುತ್ತಿದ್ದ ಮಿಂಗ್ ವಂಶದ ಮೊದಲ ಚಕ್ರವರ್ತಿಯ ಸೇನಾಪತಿ ಶು ದಾ 1381ರಲ್ಲಿ ಇಲ್ಲಿ ಕೋಟೆ ಕಟ್ಟಿಸಿ ದಂಡನ್ನು ನೆಲೆಗೊಳಿಸಿದನು.

ಪಟ್ಟಣದ ಸುತ್ತುಗೋಡೆ ಸುಮಾರು 4 ಕಿಲೋಮೀಟರ್ ಉದ್ದ, 14 ಮೀಟರ್ ಎತ್ತರ, 7 ಮೀಟರ್ ದಪ್ಪ. ಒಳಗೆ ದಮ್ಮಸ್ಸು ಮಾಡಿದ ಮಣ್ಣು, ಹೊರಗೆ ಇಟ್ಟಿಗೆಯ ಹೊದಿಕೆ. ನಾಲ್ಕು ದಿಕ್ಕಿಗೆ ನಾಲ್ಕು ಹೆಬ್ಬಾಗಿಲು. ಶತ್ರು ಬರುವ ಪೂರ್ವದ ಬಾಗಿಲಿನ ಮುಂದೆ ಮತ್ತೊಂದು ಸುತ್ತುಗೋಡೆ, ಅದರಾಚೆಗೆ 1584ರಲ್ಲಿ ಸೇರಿಸಿದ ಹೊರಕೋಟೆ. ಬೆಟ್ಟದಿಂದ ಇಳಿದುಬಂದ ಮಹಾಗೋಡೆಯೇ ಪಟ್ಟಣದ ಪೂರ್ವದ ಗೋಡೆಯಾಗಿ, ಮತ್ತೆ ದಕ್ಷಿಣಕ್ಕೆ ಸಾಗಿ, ಲಾವ್‌ಲೊಂಗ್‌ಟೋ ಅಂದರೆ ‘ಮುದಿ ಡ್ರ್ಯಾಗನ್ನಿನ ತಲೆ’ ಎಂಬಲ್ಲಿ ಸಮುದ್ರದೊಳಕ್ಕೆ ಇಳಿಯುತ್ತದೆ. ಮಿಂಗ್ ಕಾಲದ ಗೋಡೆ ಆರಂಭವಾಗುವುದು ಇಲ್ಲಿಂದಲೇ ಎಂದು ಬಹುಕಾಲ ನಂಬಲಾಗಿತ್ತು. 2009ರಲ್ಲಿ ಪ್ರಕಟವಾದ ಸಮೀಕ್ಷೆಯು ಆ ಪಟ್ಟವನ್ನು ಕೊರಿಯಾ ಗಡಿಯ ಯಾಲು ನದಿಯ ದಡದ ಹೂಶಾನ್‌ಗೆ ಕೊಟ್ಟಿದೆ. ಊರಿನವರು ಇದನ್ನು ಅಷ್ಟಾಗಿ ಒಪ್ಪಿಕೊಂಡಂತೆ ನನಗೆ ಕಾಣಲಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮಂಚೂರಿಯದ ಮಂಚೂ ಜನರ ಸೈನ್ಯ 1629ರಲ್ಲಿ ಈ ಕೋಟೆಯನ್ನು ಮುಟ್ಟದೆ ಸುತ್ತುಹಾಕಿ, ಪಶ್ಚಿಮದ ಬೇರೆ ಕಣಿವೆಗಳಿಂದ ನುಗ್ಗಿ ಬೀಜಿಂಗ್‌ನ ಹೊರವಲಯದವರೆಗೂ ಬಂದಿತ್ತು. ಹಾಗಾದರೆ ಶಾನ್‌ಹಾಯ್‌ಗುವಾನ್‌ನಿಂದ ಆದ ಉಪಯೋಗವೇನು ಎಂದು ಕೇಳಬಹುದು. ಉಪಯೋಗವಿತ್ತು: ಸುತ್ತಿ ಬಂದವರು ಕೊಳ್ಳೆ ಹೊಡೆಯಬಹುದಿತ್ತು, ಜನರನ್ನು ಸೆರೆಹಿಡಿದು ಒಯ್ಯಬಹುದಿತ್ತು, ಆದರೆ ಬೆನ್ನ ಹಿಂದೆ ಗೆಲ್ಲದ ಕೋಟೆಯೊಂದನ್ನು ಬಿಟ್ಟು, ನೆಟ್ಟಗಿನ ದಾರಿಯಿಲ್ಲದೆ, ಅಲ್ಲಿಯೇ ನೆಲೆಯೂರಲು ಆಗುತ್ತಿರಲಿಲ್ಲ.

ಕೊನೆಗೆ ಆ ದಾರಿ ತೆರೆದುಕೊಂಡದ್ದು ಒಳಗಿನಿಂದ. 1644ರ ಏಪ್ರಿಲ್‌ನಲ್ಲಿ ರೈತ ಬಂಡಾಯದ ನಾಯಕ ಲೀ ಝಿಚೆಂಗ್ ಬೀಜಿಂಗನ್ನು ಹಿಡಿದನು. ಮಿಂಗ್ ಚಕ್ರವರ್ತಿ ಅರಮನೆಯ ಹಿಂದಿನ ಗುಡ್ಡದಲ್ಲಿ ನೇಣು ಹಾಕಿಕೊಂಡನು. ಗಡಿಯ ಸೈನ್ಯದ ದಳಪತಿ ವೂ ಸಾನ್‌ಗುಯ್‌ಗೆ ಪೂರ್ವದಲ್ಲಿ ಮಂಚೂಗಳು, ಪಶ್ಚಿಮದಲ್ಲಿ ತನ್ನ ತಂದೆಯನ್ನೇ ಒತ್ತೆಯಾಗಿ ಇಟ್ಟುಕೊಂಡ ಬಂಡಾಯಗಾರರು. ಅವನು ಮಂಚೂ ರಾಜಪ್ರತಿನಿಧಿ ದೋರ್ಗೋನ್‌ಗೆ ಪತ್ರ ಬರೆದು ನೆರವು ಕೇಳಿದನು, ಶರಣಾಗುತ್ತೇನೆ ಎನ್ನಲಿಲ್ಲ. ಬೇರೆ ಕಣಿವೆಗಳಿಂದ ಒಳಬನ್ನಿ ಎಂದೂ ಸೂಚಿಸಿದನು. ದೋರ್ಗೋನ್ ಅದಕ್ಕೆ ಬಗ್ಗದೆ ನೇರವಾಗಿ ಶಾನ್‌ಹಾಯ್‌ಗುವಾನ್‌ಗೇ ಬಂದು, ಶರಣಾಗತಿಯನ್ನೇ ಪಡೆದನು. ಮೇ 27ರಂದು ಕೋಟೆಯ ಪಶ್ಚಿಮದ ಬಯಲಿನಲ್ಲಿ, ಧೂಳಿನ ಬಿರುಗಾಳಿಯ ನಡುವೆ ನಡೆದ ಕಾಳಗದಲ್ಲಿ ಲೀ ಸೋತನು. ಜೂನ್ ಮೊದಲ ವಾರದಲ್ಲಿ ಮಂಚೂಗಳು ಬೀಜಿಂಗ್‌ನಲ್ಲಿದ್ದರು. ಅವರ ಚಿಂಗ್ ವಂಶ 1912ರವರೆಗೆ ಆಳಿತು. ಚೆನ್ ಯುವಾನ್‌ಯುವಾನ್ ಎಂಬ ಗಾಯಕಿಯನ್ನು ಬಂಡಾಯಗಾರರು ವಶಪಡಿಸಿಕೊಂಡ ಸಿಟ್ಟಿನಲ್ಲಿ ವೂ ಬಾಗಿಲು ತೆಗೆದನೆಂಬ ಕಥೆ ಬಹಳ ಜನಪ್ರಿಯ. ಎರಡು ಸೈನ್ಯಗಳ ನಡುವೆ ಸಿಕ್ಕಿಬಿದ್ದ ದಳಪತಿಯ ಲೆಕ್ಕಾಚಾರವನ್ನು ವಿವರಿಸಲು ಅಷ್ಟು ದೊಡ್ಡ ಪ್ರೇಮಕಥೆಯ ಅಗತ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ.

ಗೋಡೆಯ ಎರಡೂ ಬದಿ ಒಂದೇ ರಾಜ್ಯವಾದ ಮೇಲೆ ಕೋಟೆಗೆ ಶತ್ರುವೇ ಇಲ್ಲವಾದನು. ಆದರೂ ಬಾಗಿಲು ಬಾಗಿಲಾಗಿಯೇ ಉಳಿಯಿತು. ಶಾನ್‌ದೊಂಗ್, ಹೆಬೇ ಪ್ರಾಂತ್ಯಗಳ ಬಡ ರೈತರು ಬರಗಾಲ ಬಂದಾಗಲೆಲ್ಲ ಮಂಚೂರಿಯದ ಖಾಲಿ ನೆಲವನ್ನು ಹುಡುಕಿಕೊಂಡು ಇದರ ಮೂಲಕವೂ ಪೂರ್ವಕ್ಕೆ ಹೋಗುತ್ತಿದ್ದರು. ಈ ವಲಸೆಗೆ ‘ಚುವಾಂಗ್ ಗುವಾನ್‌ದೊಂಗ್’, ಅಂದರೆ ಬಾಗಿಲಿನ ಪೂರ್ವಕ್ಕೆ ನುಗ್ಗುವುದು, ಎಂಬ ಹೆಸರಿದೆ. ಮಂಚೂರಿಯದಲ್ಲಿ ನೆಲೆಯೂರಿದ್ದ ಜಪಾನಿನ ಕುಪ್ರಸಿದ್ಧ ‘ಕ್ವಾಂಟುಂಗ್ ಸೇನೆ’ಯ ಹೆಸರೂ ಇದೇ ಗುವಾನ್‌ದೊಂಗ್ ಎಂಬ ಪದದಿಂದ ಬಂದದ್ದು. ಅದೇ ಜಪಾನ್ 1933ರ ಜನವರಿ ಮೊದಲ ಮೂರು ದಿನಗಳಲ್ಲಿ ಈ ಪಟ್ಟಣವನ್ನು ಹೊಡೆದು ಹಿಡಿಯಿತು.

ಅದಕ್ಕೂ ಮೊದಲು, ವಿದೇಶಿಯರ ವಿರುದ್ಧ ಎದ್ದ 1900ರ ಬಾಕ್ಸರ್ ದಂಗೆಯ ಸಮಯದಲ್ಲಿ, ಎಂಟು ದೇಶಗಳ ಕೂಟ ಸೇನೆ ಇಲ್ಲಿ ಬೀಡುಬಿಟ್ಟಿತ್ತು. ಚೀನಾಕ್ಕೆ ಬಂದ ಬ್ರಿಟಿಷರ ದಂಡಿನಲ್ಲಿ ಬಹುಪಾಲು ಭಾರತೀಯ ಸಿಪಾಯಿಗಳೇ ಇದ್ದರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ದಂಗೆ ಅಡಗಿದ ಮೇಲೆ ಆದ 1901ರ ಒಪ್ಪಂದದಲ್ಲಿ ವಿದೇಶಿ ಪಡೆಗಳು ಇರಬಹುದೆಂದು ಪಟ್ಟಿಮಾಡಿದ 12 ಸ್ಥಳಗಳಲ್ಲಿ ಶಾನ್‌ಹಾಯ್‌ಗುವಾನ್ ಕೂಡ ಒಂದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಲಾವ್‌ಲೊಂಗ್‌ಟೋದಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಗೋಡೆ 1980ರ ದಶಕದಲ್ಲಿ ಮರಳಿ ಕಟ್ಟಿದ್ದು. ಹಳೆಯದು 1900ರಲ್ಲಿ ಹಾಳಾಗಿತ್ತು. ಆದರೆ ಅಲ್ಲಿ ಹಳೆಯ ಕಲ್ಲಿನ ದಿಮ್ಮಿಗಳನ್ನೂ ಇರಿಸಿದ್ದಾರೆ. ಅವುಗಳ ಅಂಚಿನಲ್ಲಿ ಡಮರುವನ್ನು ಅರ್ಧಕ್ಕೆ ಕೊಯ್ದಂಥ ಗುಳಿಗಳಿವೆ. ಎರಡು ಕಲ್ಲುಗಳನ್ನು ಜೋಡಿಸಿದಾಗ ಗುಳಿ ಪೂರ್ತಿಯಾಗುತ್ತಿತ್ತು, ಅದರೊಳಗೆ ಕರಗಿದ ಕಬ್ಬಿಣ ಹೊಯ್ದು ಅಲೆಯ ಏಟಿಗೆ ಕಲ್ಲುಗಳು ಕದಲದಂತೆ ಬಿಗಿಯುತ್ತಿದ್ದರು. ನಾನು ಬೆರಳಿಟ್ಟು ನೋಡಿದ ಗುಳಿಯ ಮೂಲೆ ಉಪ್ಪುಗಾಳಿಗೆ ಸವೆದು ನುಣುಪಾಗಿತ್ತು. ಹೊಸ ಗೋಡೆಯ ಮೇಲೆ ಒಂದು ತಾಸು ನಿಂತಿದ್ದಕ್ಕಿಂತ ಆ ಒಂದು ಗುಳಿ ನನಗೆ ಹೆಚ್ಚು ಹೇಳಿತು.

ಪಟ್ಟಣದ ಒಳಗೆ ‘ಹಳೆಯ ಬೀದಿ’ ಎಂದು ತೋರಿಸುವ ಅಂಗಡಿಸಾಲುಗಳ ಬಗ್ಗೆ ನಿಮ್ಮ ಸಂಶಯ ಸರಿ. ಅವುಗಳಲ್ಲಿ ಹೆಚ್ಚಿನವು ಈಚಿನವೇ. ಈ ತಾಣವನ್ನು 1961ರಲ್ಲಿಯೇ ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಮೊದಲ ಪಟ್ಟಿಗೆ ಸೇರಿಸಲಾಗಿತ್ತು, 1987ರಲ್ಲಿ ಮಹಾಗೋಡೆಯ ಭಾಗವಾಗಿ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಹಾಗಿದ್ದೂ 2015ರಲ್ಲಿ, ದುಬಾರಿ ಬೆಲೆ ಮತ್ತು ಕೊಳಕಿನ ಕಾರಣಕ್ಕೆ, ಚೀನಾದ ಅತ್ಯುನ್ನತ ಪ್ರವಾಸಿ ದರ್ಜೆಯಾದ 5ಎ ಅನ್ನು ಕಳೆದುಕೊಂಡ ಮೊಟ್ಟಮೊದಲ ತಾಣ ಎಂಬ ಅಪಕೀರ್ತಿಗೆ ಇದು ಗುರಿಯಾಯಿತು. 2018ರಲ್ಲಿ ದರ್ಜೆ ಮರಳಿ ಸಿಕ್ಕಿತು.

ಬೇಲಿಯ ಹಿಂದೆ ಇಟ್ಟಿಗೆ ಉದುರಿ ಮಣ್ಣಿನ ಒಡಲು ಕಾಣುತ್ತಿರುವ, ಮೇಲೆ ಹುಲ್ಲು ಬೆಳೆದಿರುವ ಗೋಡೆಯ ತುಂಡುಗಳನ್ನು ತಪ್ಪದೆ ನೋಡಿ. ಅವಕ್ಕೆ ಟಿಕೆಟ್ ಇಲ್ಲ, ಜನರೂ ಇಲ್ಲ.

ಕೊನೆಗೆ ಪೂರ್ವದ ಹೆಬ್ಬಾಗಿಲಿನ ಮಾಳಿಗೆಗೆ ಹತ್ತಿ. ಅಲ್ಲಿ ‘ಆಕಾಶದಡಿಯ ಮೊದಲ ಕಣಿವೆಬಾಗಿಲು’ ಎಂಬ ಅರ್ಥದ ಐದು ಅಕ್ಷರಗಳ ಫಲಕ ತೂಗುತ್ತಿದೆ. ಬರೆದವನು ಇದೇ ಊರಿನ, 15ನೆಯ ಶತಮಾನದ ವಿದ್ವಾಂಸ ಶಾವ್ ಶಿಯೆನ್ ಎಂಬುದು ಪ್ರತೀತಿ. ಫಲಕ ಮೇಲೇರಿದ ನಂತರ ಒಂದು ಚುಕ್ಕೆ ಬಿಟ್ಟುಹೋದದ್ದು ಕಂಡು, ಅವನು ಮಸಿಯಲ್ಲಿ ಅದ್ದಿದ ಬಟ್ಟೆಯನ್ನು ಕೆಳಗಿನಿಂದಲೇ ಎಸೆದು ಸರಿಯಾದ ಜಾಗದಲ್ಲಿ ಚುಕ್ಕೆ ಮೂಡಿಸಿದನೆಂದು ಹೇಳುತ್ತಾರೆ. ಹೊರಗೆ ತೂಗುವುದು ಪ್ರತಿ, ಮೂಲ ಫಲಕ ಒಳಗಡೆ ಇದೆ. ಎಲ್ಲರೂ ಹೊರಗಿನದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಇಳಿದುಹೋಗುತ್ತಾರೆ. ನೀವು ಒಳಗೆ ಹೋಗಿ.