ಕಡ್ಲೆಬೀಜ ತಿಂದು ಮಗುವಿಗೆ ಗಂಧೆ, ವಾಂತಿ ಆದರೆ ಅಲರ್ಜಿ ಸಿರಪ್ ಸಾಕಾ?

ಗೌರಿಬಿದನೂರಿನಿಂದ ಕೇಳಿದ್ದೀರಿ. ಎರಡು ವರ್ಷದ ಮಗಳು ಕಡ್ಲೆಬೀಜದ ಚಟ್ನಿ ತಿಂದಳು, ಮೈಯೆಲ್ಲ ಗಂಧೆ ಎದ್ದಿತು, ಎರಡು ಸಲ ವಾಂತಿ ಮಾಡಿದಳು, ಸಿರಪ್ ಕೊಟ್ಟಮೇಲೆ ಸರಿಹೋದಳು. ಇನ್ನು ಮುಂದೆ ಆ ಸಿರಪ್ ಮನೆಯಲ್ಲಿದ್ದರೆ ಸಾಕಾ ಅಂತ. ಸಾಕಾಗಲ್ಲ. ನಾನು ಡಾಕ್ಟರ್ ಅಲ್ಲ, ಮಧುಗಿರಿಯಲ್ಲಿರುವ ಒಬ್ಬ ತಾಯಿ. ಆದರೆ ಇದನ್ನು ಅನುಭವಿಸಿದ್ದೇನೆ.

ಎರಡು ವರ್ಷದ ಹಿಂದಿನ ಸಂಕ್ರಾಂತಿ. ಪಕ್ಕದ ಮನೆಯವರು ಎಳ್ಳು ಬೀರಲು ಬಂದಿದ್ದರು. ಮಗನಿಗೆ ಆಗ ಎರಡೂವರೆ ವರ್ಷ, 12 ಕೆಜಿ. ಕಡ್ಲೆಬೀಜ ಬೆರೆಸಿದ ಎಳ್ಳಿನ ಪೊಟ್ಟಣ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಹತ್ತು ನಿಮಿಷಕ್ಕೆ ತುಟಿ ಉಜ್ಜಿಕೊಳ್ಳತೊಡಗಿದ. ಕಿವಿ ಕೆಂಪಾಯಿತು, ಹೊಟ್ಟೆ ಮೇಲೆ ಗಂಧೆ. ಅತ್ತೆ 'ಪಿತ್ತದ ಗಂಧೆ ಕಣೇ' ಅಂತ ಕರಿಕಂಬಳಿ ತಂದು ಉಜ್ಜಿದರು. ಅವರನ್ನು ದೂರಲಾರೆ, ಅವರಿಗೆ ಗೊತ್ತಿದ್ದ ಮದ್ದು ಅದು. ಅಷ್ಟರಲ್ಲಿ ವಾಂತಿ. ಆಮೇಲೆ ಬಿಡದೆ ಕೆಮ್ಮು. 'ಅಮ್ಮಾ' ಅಂದರೆ ದನಿ ಒಡಕು ಒಡಕಾಗಿ ಬರುತ್ತಿತ್ತು.

ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಅಲರ್ಜಿ ಇಂಜೆಕ್ಷನ್ ಹಾಕಿ, ಸಿರಪ್ ಬರೆದು, ಮನೆಗೆ ಹೋಗಿ ಅಂದರು. ಗಂಧೆ ಇಳಿಯಿತು ಕೂಡ. ಆದರೆ ಬೈಕ್‌ನಲ್ಲಿ ವಾಪಸ್ ಬರುವಾಗ ಮಗು ಬಾಡಿದ ಸೊಪ್ಪಿನ ಹಾಗೆ ನನ್ನ ತೋಳಿನ ಮೇಲೆ ಜೋತುಬಿತ್ತು. ಇನ್ನೊಂದು ಆಸ್ಪತ್ರೆಗೆ ಓಡಿದೆವು. ಅಲ್ಲಿನ ನರ್ಸ್ ಮುಖ ನೋಡಿದವರೇ ಮಲಗಿಸಿ ಅಂದರು. ಸಣ್ಣ ಗಾಜಿನ ಆಂಪೂಲ್ ಮುರಿದು ತೊಡೆಯ ಹೊರಬದಿಗೆ ಚುಚ್ಚಿದರು. ಐದಾರು ನಿಮಿಷಕ್ಕೆ ಗಟ್ಟಿಯಾಗಿ ಅತ್ತ. ಅಳಲಿ ಅಂತ ನಾನು ಯಾವತ್ತೂ ಅಷ್ಟು ಬೇಡಿಕೊಂಡಿರಲಿಲ್ಲ.

ಅದು ಅಡ್ರಿನಾಲಿನ್. ಸಿರಪ್ ಆಗಲಿ, ಅವಿಲ್ ತರಹದ ಅಲರ್ಜಿ ಇಂಜೆಕ್ಷನ್ ಆಗಲಿ ತುರಿಕೆ, ಗಂಧೆ ಇಳಿಸುತ್ತವೆ. ಊದಿಕೊಳ್ಳುವ ಗಂಟಲನ್ನು, ಬೀಳುತ್ತಿರುವ ಬಿಪಿಯನ್ನು ತಡೆಯಲ್ಲ. ಆ ಕೆಲಸ ಅಡ್ರಿನಾಲಿನ್‌ದು. ಬರೀ ನಾಲ್ಕು ಗಂಧೆ ಇದ್ದರೆ ಸಿರಪ್ ಕೊಟ್ಟು ಕಣ್ಣಿಟ್ಟಿರಬಹುದು. ಗಂಧೆ ಜೊತೆ ಬಿಡದ ವಾಂತಿ, ಉಬ್ಬಸ, ದನಿ ಬದಲಾಗೋದು, ಮಂಕಾಗೋದು ಯಾವುದು ಸೇರಿದರೂ ಕಾಯಬಾರದು. ಕೆಲವು ಮಕ್ಕಳಿಗೆ ಗಂಧೆ ಏಳದೆಯೇ ಉಸಿರು ಕಟ್ಟುತ್ತದೆ. ನಿಮ್ಮ ಮಗಳಿಗೆ ಗಂಧೆಯೂ ಆಗಿದೆ, ವಾಂತಿಯೂ ಆಗಿದೆ, ಅಲ್ವಾ? ಹಾಗಾಗಿ ಸಿರಪ್‌ನಿಂದ ಸರಿಹೋಯಿತು ಅಂತ ಸುಮ್ನೆ ಕೂರಬೇಡಿ. ಮಕ್ಕಳ ಡಾಕ್ಟರ್‌ಗೆ ಈಗಲೇ ತೋರಿಸಿ.

ಹೊರದೇಶದಲ್ಲಿ ಅಡ್ರಿನಾಲಿನ್ ನೇರವಾಗಿ ಚುಚ್ಚುವ ಪೆನ್ ರೂಪದಲ್ಲಿ ಬರುತ್ತದೆ. ನಮ್ಮ ಕಡೆ ಮೆಡಿಕಲ್ ಶಾಪ್‌ಗಳಲ್ಲಿ ಅದು ಸುಲಭಕ್ಕೆ ಸಿಗಲ್ಲ. ಆಂಪೂಲ್ ಸಿಗುತ್ತದೆ, 1 ಮಿ.ಲೀ.ಗೆ 1 ಮಿ.ಗ್ರಾಂ. ಡೋಸ್ ತೂಕದ ಲೆಕ್ಕ: ಕೆಜಿಗೆ 0.01 ಮಿ.ಗ್ರಾಂ, ಮಕ್ಕಳಿಗೆ ಹೆಚ್ಚೆಂದರೆ 0.3 ಮಿ.ಗ್ರಾಂ. ನನ್ನ ಮಗನಿಗೆ ಆಗ 0.12 ಮಿ.ಲೀ. ಇದನ್ನು ನೋಡಿ ನೀವು ಚುಚ್ಚಬೇಡಿ. ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡು, ಬರೀ ನೀರು ತುಂಬಿದ ಸಿರಿಂಜ್‌ನಲ್ಲಿ ಅವರೆದುರೇ ಅಳೆದು ಕಲಿತುಕೊಳ್ಳಿ. ನನಗೆ ಮೊದಲ ಸಲ ಕೈ ನಡುಗಿ ಸಿರಿಂಜ್‌ನ ಗಾಳಿಗುಳ್ಳೆ ಬಿಡಿಸಲೂ ಆಗಲಿಲ್ಲ. ಇನ್ಸುಲಿನ್ ಸಿರಿಂಜ್ ಬೇಡ, ಸೂಜಿ ಗಿಡ್ಡ, ಗೆರೆಗಳ ಲೆಕ್ಕವೂ ಬೇರೆ. ಆಂಪೂಲನ್ನು ಬಿಸಿಲು, ಬೆಳಕು ತಾಗದ ಕಡೆ ಇಡಿ. ಬಣ್ಣ ತಿರುಗಿದ್ದರೆ ಎಸೆಯಿರಿ. ಚುಚ್ಚಿದ ಮೇಲೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ನಮ್ಮಲ್ಲಿ ಏನಾದರೂ ಆದರೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡುವುದೇ ಮೊದಲ ಕೆಲಸ. ಇಲ್ಲಿ ಅದೇ ಅಪಾಯ. ಬಿಪಿ ಬಿದ್ದಿರುವಾಗ ನೆಟ್ಟಗೆ ಎತ್ತಿದರೆ ಮಗು ಇನ್ನಷ್ಟು ಕುಸಿಯುತ್ತದೆ. ಮಲಗಿಸಿ ಕಾಲು ಎತ್ತರಿಸಿ. ಉಬ್ಬಸ ಇದ್ದರೆ ಒರಗಿಸಿ ಕೂರಿಸಿ, ವಾಂತಿ ಇದ್ದರೆ ಮಗ್ಗುಲಿಗೆ ಹೊರಳಿಸಿ. 108ಕ್ಕೆ ಫೋನ್ ಮಾಡಿ. ಅಡ್ರಿನಾಲಿನ್ ಚುಚ್ಚಿ ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಡೋಸ್ ಬೇಕಾಗುತ್ತದೆ, ಅದನ್ನೂ ಬರೆಸಿಟ್ಟುಕೊಳ್ಳಿ. ಮಗು ಆಡಲು ಶುರುಮಾಡಿದರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವು ಗಂಟೆ ಬಿಟ್ಟು ಮತ್ತೆ ಕಾಣಿಸಿಕೊಳ್ಳಬಹುದು. ನಮ್ಮನ್ನು ಆ ರಾತ್ರಿ ಅಲ್ಲೇ ಇರಿಸಿಕೊಂಡಿದ್ದರು. ನಿಮ್ಮ ಊರಲ್ಲಿ ರಾತ್ರಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಅಲ್ಲಿ ಅಡ್ರಿನಾಲಿನ್ ಇದೆಯಾ, ಇವತ್ತೇ ಹೋಗಿ ಕೇಳಿ.

ಅಂಗನವಾಡಿಗೂ ಹೇಳಿ. ನಾನು 'ಕಡ್ಲೆ ಕೊಡಬೇಡಿ' ಅಂತ ಹೇಳಿ ಬಂದಿದ್ದೆ. ಅವರು ಪಾಪ ಹುರಿಗಡಲೆ ನಿಲ್ಲಿಸಿದ್ದರು, ಕಡ್ಲೆಬೀಜ ಹಾಕಿದ ಚಿತ್ರಾನ್ನ ಕೊಡಲು ಹೊರಟಿದ್ದರು. ಮಾರನೇ ದಿನ ಸಿಪ್ಪೆ ಸಮೇತ ನಾಲ್ಕು ಕಡ್ಲೆಕಾಯಿ ಒಯ್ದು ಟೀಚರ್ ಕೈಗೇ ಕೊಟ್ಟು ಬಂದೆ.