ಓದುಗರ ಪ್ರಶ್ನೆ: ಪೋಸ್ಟಿಂಗ್ ನಡುವೆ ಮನೆ ಬದಲಿಸುವುದು

ಪ್ರಶ್ನೆ: ಮದುವೆಯಾದ ಮೇಲೆ ಎಂಬಿಬಿಎಸ್ ಸೇರಿದೆ, ಈಗ ಎರಡನೇ ವರ್ಷ. ನಾಲ್ಕು ವರ್ಷದ ಮಗಳಿದ್ದಾಳೆ. ವಿರಾಜಪೇಟೆಯಿಂದ ಮಡಿಕೇರಿಗೆ ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿದೆ. ಮಡಿಕೇರಿಯಲ್ಲಿ ಒಂದು ಮನೆ ಜುಲೈಯಲ್ಲಿ ಖಾಲಿಯಾಗುತ್ತದಂತೆ. ನಮ್ಮವರಿಗೆ ತೋಟದ ಕೆಲಸ, ಅತ್ತೆಗೆ ಮಂಡಿನೋವು. ಓದು ಕೆಡದಂತೆ ಹೇಗೆ ಸಾಗಿಸಲಿ?
– ಓದುಗರು, ವಿರಾಜಪೇಟೆ

ಉತ್ತರ: ಮೊದಲು ಹಾಜರಿ ಲೆಕ್ಕ ಹಾಕಿ. ಥಿಯರಿಗೆ 75, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ಗೆ 80 ಶೇಕಡಾ ಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ನಾಲ್ಕು ವಾರದ ಪೋಸ್ಟಿಂಗ್ (ಆಸ್ಪತ್ರೆಯ ಒಂದು ವಿಭಾಗದಲ್ಲಿ ಕಲಿಯುವ ಸರದಿ) ಎಂದರೆ ವಾರಕ್ಕೆ ಆರರಂತೆ 24 ದಿನ. ಅದರಲ್ಲಿ 20 ದಿನ ಹೋಗಲೇಬೇಕು. ಉಳಿಯುವ ನಾಲ್ಕರಲ್ಲಿ ಎರಡನ್ನಾದರೂ ಮಗುವಿನ ಜ್ವರಕ್ಕೆ ಎತ್ತಿಡಿ. ಮನೆ ಸಾಗಿಸಲು ಸಿಗುವುದು ಎರಡೇ ದಿನ, ಜೊತೆಗೊಂದು ಭಾನುವಾರ. ವಿಶ್ವವಿದ್ಯಾಲಯದ ಥಿಯರಿ ಪರೀಕ್ಷೆಗೂ ಪ್ರಾಕ್ಟಿಕಲ್‌ಗೂ ನಡುವಿನ ಬಿಡುವನ್ನು ರಜೆ ಎಂದುಕೊಳ್ಳಬೇಡಿ. ಹಲವರು ಎಡವುವುದು ಅಲ್ಲೇ.

ಜುಲೈಯಲ್ಲಿ ಸಾಮಾನು ಸಾಗಿಸುವುದು ಬೇಡವೇ ಬೇಡ. ಟಾರ್ಪಾಲ್ ಕಟ್ಟಿದರೂ ಹಾಸಿಗೆ ನೆನೆಯುತ್ತದೆ, ನೆನೆದದ್ದು ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ. ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಶುಭಕಾರ್ಯ ಬೇಡ ಎನ್ನುವ ಹಿರಿಯರ ಮಾತಿಗೆ ಶಾಸ್ತ್ರ ಏನೇ ಇರಲಿ, ಮಳೆಯ ಲೆಕ್ಕಕ್ಕಂತೂ ಅದು ಸರಿ. ಮನೆ ಕೈತಪ್ಪುವ ಹೆದರಿಕೆಯಿದ್ದರೆ ಅಡ್ವಾನ್ಸ್ ಕೊಟ್ಟು ಬೀಗ ತೆಗೆದುಕೊಳ್ಳಿ. ಒಂದು ಚಾಪೆ, ಕಂಬಳಿ ಇಟ್ಟುಕೊಂಡು ಜೋರು ಮಳೆಯ ದಿನ ನೀವೊಬ್ಬರೇ ಅಲ್ಲಿ ತಂಗಿ. ಎರಡು ತಿಂಗಳ ಬಾಡಿಗೆ ದಂಡ ಅನಿಸಬಹುದು. ಆದರೆ ಖಾಲಿ ಮನೆಯನ್ನು ಪರೀಕ್ಷಿಸಲು ಮಳೆಗಾಲದಷ್ಟು ಒಳ್ಳೆ ಕಾಲವಿಲ್ಲ: ಪಶ್ಚಿಮದ ಗೋಡೆ ಕೈಗೆ ತಣ್ಣಗೆ ಹಸಿಯಾಗಿದೆಯೇ, ಗೋಡೆ ಕಪಾಟಿನೊಳಗೆ ಬೂಷ್ಟು ವಾಸನೆ ಇದೆಯೇ, ಮನೆಯ ಹಿಂದಿನ ಬರೆಯಿಂದ (ಗುಡ್ಡ ಕಡಿದ ಮಣ್ಣಿನ ಗೋಡೆ) ಕೆಸರು ನೀರು ಇಳಿಯುತ್ತಿದೆಯೇ ನೋಡಿ. ಬರೆಯಲ್ಲಿ ಹೊಸ ಬಿರುಕು ಕಂಡರೆ ಅಡ್ವಾನ್ಸ್ ಹೋದರೂ ಸರಿ, ಆ ಮನೆ ಬೇಡ.

ಸಾಮಾನಿಗೆ ಅಕ್ಟೋಬರ್ ಒಳ್ಳೆಯದು, ದಸರಾ ವಾರ ಬಿಟ್ಟು. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದು ಕಾಫಿ ಕೊಯ್ಲು ಬಿರುಸಾದರೆ ನಿಮ್ಮವರೂ ಸಿಗುವುದಿಲ್ಲ, ಪಿಕಪ್ಪೂ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಹಾಲು ಉಕ್ಕಿಸಿ, ಅಂದೇ ಅಡುಗೆಮನೆ ಮತ್ತು ಮಗಳ ಹಾಸಿಗೆ ಜೋಡಿಸಿ. ಉಳಿದದ್ದು ಮುಂದಿನ ಭಾನುವಾರ ಬರಲಿ. ಅತ್ತೆ ಅಲ್ಲಿಯವರೆಗೆ ಹಳೆ ಮನೆಯಲ್ಲೇ ಇರಲಿ. ಮಂಡಿನೋವಿನವರಿಗೆ ಅರ್ಧ ಬಿಚ್ಚಿದ ಮನೆಯಲ್ಲಿ ಓಡಾಡುವುದು ಕಷ್ಟ, ಹೊಸ ಮನೆಗೆ ಮೆಟ್ಟಿಲೆಷ್ಟು ಎಂದೂ ಎಣಿಸಿ ನೋಡಿ.

ಗ್ಯಾಸ್ ಮರೆಯಬೇಡಿ. ಊರು ಬದಲಾದಾಗ ಹಳೆ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ, ಡಿಪಾಸಿಟ್ ವಾಪಸ್ ಪಡೆದು, ವರ್ಗಾವಣೆ ಕಾಗದ ಒಯ್ದರೆ ಹೊಸ ಕಡೆ ಕನೆಕ್ಷನ್. ನಡುವಿನ ದಿನಗಳಿಗೆ ಇಂಡಕ್ಷನ್ ಸ್ಟೌ ಒಂದನ್ನೇ ನಂಬಬೇಡಿ, ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಹೊಸ ಮನೆಗೆ ಕಾಲಿಟ್ಟ ದಿನವೇ ಮೀಟರ್ ರೀಡಿಂಗ್ ಫೋಟೊ ತೆಗೆದಿಟ್ಟುಕೊಳ್ಳಿ.

ಲಾಗ್ ಪುಸ್ತಕ, ಸಹಿಯಾದ ರೆಕಾರ್ಡ್‌ಗಳು, ಸ್ಟೆತಸ್ಕೋಪ್, ಎರಡು ಏಪ್ರನ್: ಇವು ಪಿಕಪ್ಪಿಗಲ್ಲ, ನಿಮ್ಮ ಹೆಗಲ ಚೀಲಕ್ಕೆ. ಸಹಿ ಇರುವ ಹಾಳೆ ನೆಂದರೆ ಮತ್ತೆ ಸಹಿಗಾಗಿ ಮೇಷ್ಟ್ರುಗಳ ಬಾಗಿಲು ಕಾಯಬೇಕು.

ಪ್ರಶ್ನೆ: ಪೆಥಾಲಜಿ, ಫಾರ್ಮಕಾಲಜಿ ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು?
– ವಿದ್ಯಾರ್ಥಿ, ಮಡಿಕೇರಿ

ಉತ್ತರ: ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಕಪಾಟಿಡಿ, ಕೆಳಗಿನ ಅರೆ ಖಾಲಿ ಬಿಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ. ನೆನೆದ ಪುಸ್ತಕವನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ಬೂಷ್ಟು ಇನ್ನೂ ಬೇಗ. ನಡುನಡುವೆ ದಿನಪತ್ರಿಕೆ ಹಾಳೆ ಸೇರಿಸಿ, ಫ್ಯಾನಿನ ಎದುರು ತೆರೆದು ನಿಲ್ಲಿಸಿ, ಹಾಳೆ ಒದ್ದೆಯಾದಂತೆ ಬದಲಿಸಿ.