ಆಟಿಸಂ ಇರುವ, ಜೋರು ಸದ್ದಿಗೆ ಹೆದರುವ ಮಗನನ್ನು ಶಿರಸಿ ಕಡೆಯ ಯಕ್ಷಗಾನಕ್ಕೆ ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಆದರೆ ಮೊದಲ ಸಲವೇ ರಾತ್ರಿಯಿಡೀ ನಡೆಯುವ ಬಯಲಾಟ ಬೇಡ, ಮೂರ್ನಾಲ್ಕು ತಾಸಿನ ಕಾಲಮಿತಿ ಆಟ ನೋಡಿಕೊಳ್ಳಿ.

ದೊಡ್ಡ ತೊಂದರೆ ಚಂಡೆಯದ್ದು. ಅದಕ್ಕಿಂತ ಜಾಸ್ತಿ, ಆ ಚಂಡೆಗೂ ಮೈಕ್ ಇಡ್ತಾರಲ್ಲ, ಅದರದ್ದು! ಮುಂದಿನ ಸಾಲಿನ ಆಸೆ ಬಿಡಿ. ಸ್ಪೀಕರ್ ಯಾವ ಕಡೆ ಮುಖ ಮಾಡಿದೆ ನೋಡಿ, ಅದರಿಂದ ದೂರ, ಹಿಂದಿನ ಸಾಲಿನ ತುದಿಯಲ್ಲಿ ಕೂರಿ. ನಡುವೆ ಎದ್ದು ಚಾ ಕುಡಿದು ಬಂದರೆ ನಮ್ಮಲ್ಲಿ ಯಾರೂ ತಪ್ಪು ತಿಳಿಯೋದಿಲ್ಲ ಅಲ್ವಾ, ಆ ಮಟ್ಟಿಗೆ ಟಾಕೀಸಿಗಿಂತ ಆಟವೇ ವಾಸಿ. ಇಯರ್‌ಮಫ್ ಕೊಳ್ಳುವುದಾದರೆ ಮನೆಯಲ್ಲೇ ಹಾಕಿ ರೂಢಿ ಮಾಡಿಸಿ.

ಪ್ರಸಂಗ, ಅಂದರೆ ಆ ದಿನ ಆಡುವ ಕಥೆ, ಯಾವುದು ಅಂತ ಸಂಘಟಕರನ್ನು ಕೇಳಿ. ರಾಕ್ಷಸ ವೇಷ ಕೆಲವೊಮ್ಮೆ ಜನರ ನಡುವಿನಿಂದಲೇ ಅಬ್ಬರಿಸುತ್ತಾ ಬರುತ್ತದೆ. ಪಂಜಿಗೆ ರಾಳದ ಪುಡಿ ಎರಚಿದರೆ ಭಗ್ಗನೆ ಬೆಂಕಿ ಏಳುತ್ತದೆ. ಪ್ರವೇಶ ಯಾವ ಹೊತ್ತಿಗೆ ಅಂತ ಗೊತ್ತಿದ್ದರೆ ಆಗ ಹುಡುಗನನ್ನು ಹೊರಗೆ ಸುತ್ತಾಡಿಸಿ.

ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ. ಮೇಳದವರ ಒಪ್ಪಿಗೆ ಕೇಳಿ ಮೊದಲೇ ಕರೆದುಕೊಂಡು ಹೋಗಿ. ಕನ್ನಡಿ ನೋಡುತ್ತಾ ಮುಖಕ್ಕೆ ಬಣ್ಣ ಬರೆದುಕೊಳ್ಳೋದು, ಕಾಲಿಗೆ ಗೆಜ್ಜೆ ಕಟ್ಟೋದು ಅವನೂ ನೋಡಲಿ. ಆಮೇಲೆ ರಂಗಕ್ಕೆ ಬರುವ ರಾಕ್ಷಸ ಪರಿಚಯದವನೇ. ಅದಕ್ಕೂ ಮುಂಚೆ, 1934ರಲ್ಲಿ ಶುರುವಾದ ಗುಣವಂತೆಯ ಕೆರೆಮನೆ ಮೇಳದಂಥವರ ಆಟ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ಸದ್ದು ಕಡಿಮೆ ಇಟ್ಟು ತೋರಿಸಿ.

ಕೂತಲ್ಲೇ ಹಾಡು, ಮಾತಿನಲ್ಲಿ ಕಥೆ ನಡೆಸುವ ತಾಳಮದ್ದಳೆಯಲ್ಲಿ ವೇಷ, ಕುಣಿತ, ಬೆಂಕಿ ಯಾವುದೂ ಇಲ್ಲ ನಿಜ. ಆದರೆ ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತುಕತೆ, ತಾಸುಗಟ್ಟಲೆ ನಡೆಯುತ್ತದೆ, ಮಗುವಿಗೆ ಬೇಜಾರು ಬರೋದು ಗ್ಯಾರಂಟಿ.